ಹಳೆಯ ಗಿಟಾರ್ ಆಂಪ್ಲಿಫೈಯರು: ಬೆನ್ನಿನ ಫಲಕವನ್ನು ಓದುವ ಬಗೆ

ವಿದ್ಯುತ್ತಿನಿಂದ ನಡೆಯುವ ಯಾವ ಯಂತ್ರವನ್ನೇ ತೆಗೆದುಕೊಳ್ಳಿ, ಅದರ ಬೆನ್ನಿಗೋ ತಳಕ್ಕೋ ಒಂದು ಚಿಕ್ಕ ಫಲಕ ಅಂಟಿರುತ್ತದೆ. ಇಷ್ಟು ವೋಲ್ಟು, ಇಷ್ಟು ಸೈಕಲ್ಲು, ಇಷ್ಟು ವ್ಯಾಟು ಎಂದು ಅದರ ಮೇಲೆ ಬರೆದಿರುತ್ತದೆ. ಅಂಗಡಿಯಿಂದ ಹೊಸದಾಗಿ ತಂದ ಯಂತ್ರವಾದರೆ ಅದನ್ನು ಓದದಿದ್ದರೂ ಹೇಗೋ ನಡೆದುಹೋಗುತ್ತದೆ. ಮಾರುವವರು ನಮ್ಮ ಊರಿನ ವಿದ್ಯುತ್ತಿಗೆ ಹೊಂದುವುದನ್ನೇ ಮಾರಿರುತ್ತಾರೆ. ಆದರೆ ಹಳೆಯ ಯಂತ್ರ, ಅದರಲ್ಲಿಯೂ ಹೊರದೇಶದಿಂದ ಬಂದದ್ದು, ಕೈಗೆ ಸಿಕ್ಕಾಗ ಆ ಫಲಕವನ್ನು ಓದದೆ ಪ್ಲಗ್ಗು ಚುಚ್ಚಿದರೆ ಯಂತ್ರ ಸುಟ್ಟುಹೋಗಬಹುದು. ಕೆಲವು ಸಲ ಮನುಷ್ಯನ ಪ್ರಾಣಕ್ಕೇ ಕುತ್ತು ಬರಬಹುದು.

ಇಂಥ ಯಂತ್ರಗಳಲ್ಲಿ ಒಂದಾದ ಗಿಟಾರ್ ಆಂಪ್ಲಿಫೈಯರನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳೋ ಬಂಧುಗಳೋ ಊರಿಗೆ ಮರಳುವಾಗ ಇಂಥದೊಂದು ಪೆಟ್ಟಿಗೆ ಸಾಮಾನಿನ ಜೊತೆಯಲ್ಲಿ ಬರುವುದು ಅಪರೂಪವೇನಲ್ಲ. "ನಮ್ಮ ಮನೆಯಲ್ಲಿ ಗಿಟಾರೇ ಇಲ್ಲವಲ್ಲ" ಎಂದು ಪುಟ ತಿರುವಬೇಡಿ. ನಿಮ್ಮ ಮನೆಯ ಅಟ್ಟದ ಮೇಲೆ ವಾಲ್ವು ರೇಡಿಯೋ ಒಂದು ಉಳಿದಿದ್ದರೆ ಅದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ. ರೇಡಿಯೋದಲ್ಲಿ ನಿಲಯವನ್ನು ಹಿಡಿದುಕೊಡುವ ಮುಂದಿನ ಅರ್ಧವನ್ನು ಬಿಟ್ಟರೆ ಉಳಿಯುವ ಹಿಂದಿನ ಅರ್ಧವೇ ಆಂಪ್ಲಿಫೈಯರು. ಹಳೆಯ ರೇಡಿಯೋಗಳ ಬೆನ್ನಲ್ಲಿ ಗ್ರಾಮಫೋನನ್ನು ಸೇರಿಸಲು "ಪಿಕಪ್" ಎಂಬ ಎರಡು ತೂತುಗಳಿರುತ್ತಿದ್ದುದು ಆ ಹಿಂದಿನ ಅರ್ಧವನ್ನು ಮಾತ್ರ ಬಳಸಿಕೊಳ್ಳಲೆಂದೇ. ಆದ್ದರಿಂದ ಮುಂದೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ನಿಮ್ಮ ರೇಡಿಯೋಕ್ಕೂ ಅನ್ವಯಿಸುತ್ತವೆ.

ಕ್ಯಾಲಿಫೋರ್ನಿಯದಲ್ಲಿ ಲಿಯೊ ಫೆಂಡರ್ ಅವರ ಕಾರ್ಖಾನೆ 1950ರ ದಶಕದ ಕೊನೆಯಲ್ಲಿ ತಯಾರಿಸುತ್ತಿದ್ದ "ಚಾಂಪ್" ಎಂಬ ಪುಟ್ಟ ಆಂಪ್ಲಿಫೈಯರು ನಮ್ಮ ಪಾಠಕ್ಕೆ ತಕ್ಕದ್ದು. ಅದರಲ್ಲಿ ಇರುವುದು ಮೂರೇ ವಾಲ್ವು, ಎಂಟು ಅಂಗುಲದ ಒಂದು ಸ್ಪೀಕರು, ತಿರುಗಿಸಲು ಒಂದೇ ಗುಂಡಿ. ಮೂರು ವಾಲ್ವುಗಳಲ್ಲಿ 12ಎಎಕ್ಸ್7 ಎಂಬುದು ತಂತಿಯ ನವಿರಾದ ಕಂಪನವನ್ನು ಹಿಡಿದು ದೊಡ್ಡದು ಮಾಡುತ್ತದೆ. 6ವಿ6 ಎಂಬುದು ಅದಕ್ಕೆ ಸ್ಪೀಕರನ್ನು ನಡೆಸುವಷ್ಟು ಬಲ ಕೊಡುತ್ತದೆ. 5ವೈ3 ಎಂಬುದು ಮನೆಯ ಏರಿಳಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯುವಂತೆ ತಿದ್ದುತ್ತದೆ. ವಾಲ್ವಿನ ಹೆಸರಿನಲ್ಲಿಯೂ ಒಂದು ಅಳತೆ ಅಡಗಿದೆ. ಅಮೆರಿಕದ ಪದ್ಧತಿಯಲ್ಲಿ ಮೊದಲ ಅಂಕಿಯು ಒಳಗಿನ ಬಿಸಿತಂತಿಗೆ ಬೇಕಾದ ವೋಲ್ಟನ್ನು ಸೂಚಿಸುತ್ತದೆ: 5 ಎಂದರೆ 5 ವೋಲ್ಟು, 6 ಎಂದರೆ 6.3, 12 ಎಂದರೆ 12.6. ಯೂರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಈ ಕೆಲಸ ಮಾಡುತ್ತದೆ. "ಇ" ಎಂದರೆ 6.3 ವೋಲ್ಟು. "ಯು" ಎಂದರೇನು ಎಂಬುದನ್ನು ಮುಂದೆ ಹೇಳುತ್ತೇವೆ, ಅದು ಎಚ್ಚರದ ಅಕ್ಷರ.

ವೋಲ್ಟು: ಮೊದಲು ನೋಡಬೇಕಾದದ್ದು

ಆ ಕಾಲದ ಅಮೆರಿಕದ ಯಂತ್ರಗಳ ಫಲಕದಲ್ಲಿ ಸಾಮಾನ್ಯವಾಗಿ 110 ಅಥವಾ 117 ವೋಲ್ಟು, 60 ಸೈಕಲ್ಲು ಎಂದು ಇರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು, 50 ಸೈಕಲ್ಲು. ವೋಲ್ಟೆಂಬುದು ಒತ್ತಡ, ಮಾಳಿಗೆಯ ಮೇಲಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚುವಂತೆ. ಒತ್ತಡ ಎರಡರಷ್ಟಾದರೆ ಅಪಾಯವೂ ಎರಡರಷ್ಟೇ ಎಂದು ಭಾವಿಸಬೇಡಿ. ಒಂದು ತಂತಿಗೆ ಎರಡರಷ್ಟು ವೋಲ್ಟು ಕೊಟ್ಟರೆ ಅದರಲ್ಲಿ ಹರಿಯುವ ವಿದ್ಯುತ್ತೂ ಎರಡರಷ್ಟಾಗುತ್ತದೆ. ಎರಡೆರಡಲ ನಾಲ್ಕು: ಶಾಖ ನಾಲ್ಕರಷ್ಟಾಗುತ್ತದೆ. 6.3 ವೋಲ್ಟಿನ ಬಿಸಿತಂತಿಗೆ ಹನ್ನೆರಡರ ಮೇಲೆ ಬೀಳುತ್ತದೆ. ಒಳಗೆ ಮುನ್ನೂರರ ಆಸುಪಾಸಿನಲ್ಲಿರಬೇಕಾದ ಹೆಚ್ಚಿನ ವೋಲ್ಟು ಆರುನೂರರ ಕಡೆಗೆ ಏರಲು ಹೊರಡುತ್ತದೆ. 450 ವೋಲ್ಟಿಗೆಂದು ಮಾಡಿದ ಕಂಡೆನ್ಸರು ಇದನ್ನು ತಾಳಲಾರದು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತನ್ನ ಶಕ್ತಿ ಮೀರಿ ಕಾಂತತೆಯನ್ನು ಹೊರಲಾರದೆ ವಿದ್ಯುತ್ತನ್ನು ಮಿತಿಯಿಲ್ಲದೆ ಸೆಳೆಯುತ್ತದೆ. ಸರಿಯಾದ ಫ್ಯೂಸು ಇದ್ದರೆ ಅದು ಮೊದಲು ಹೋಗಿ ಉಳಿದದ್ದನ್ನು ಕಾಪಾಡುತ್ತದೆ. ಯಾರೋ ದಪ್ಪ ತಂತಿ ಸುತ್ತಿಟ್ಟಿದ್ದರೆ ಹೊಗೆಯೇ ಗತಿ.

ಆದ್ದರಿಂದ ಇಂಥ ಯಂತ್ರಕ್ಕೆ 230 ವೋಲ್ಟನ್ನು 110ಕ್ಕೆ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರು ಅಗತ್ಯ. ಕಬ್ಬಿಣ ಮತ್ತು ತಾಮ್ರದ ತೂಕವುಳ್ಳ ನಿಜವಾದ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಿ. ಪ್ರವಾಸಿಗಳು ಕೂದಲು ಒಣಗಿಸುವ ಯಂತ್ರಕ್ಕೆ ಬಳಸುವ ಅಂಗೈಯಗಲದ ಹಗುರ ಪರಿವರ್ತಕಗಳು ಇದಕ್ಕೆ ಸಲ್ಲವು. ಯಂತ್ರದ ಫಲಕ 50 ವ್ಯಾಟು ಎಂದರೆ ಟ್ರಾನ್ಸ್‌ಫಾರ್ಮರು ಕಡಮೆಯೆಂದರೆ 100 ವ್ಯಾಟಿನದಾಗಿರಲಿ, ಆಗ ಅದು ಕಾಯದೆ ನಡೆಯುತ್ತದೆ.

ಸೈಕಲ್ಲು

ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹೋಗಿ ಬರುತ್ತದೆ ಎಂಬುದೇ ಸೈಕಲ್ಲು. ಈಗ ಅದನ್ನು ಹರ್ಟ್ಸ್ ಎನ್ನುತ್ತಾರೆ. ಲೋಕದಲ್ಲಿ ಎಲ್ಲೆಡೆಯೂ ಇದು ಒಂದೇ ಅಲ್ಲ. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಸೈಕಲ್ಲಿನದು. ಸೈಕಲ್ಲು ಕಡಮೆಯಾದಷ್ಟೂ ಟ್ರಾನ್ಸ್‌ಫಾರ್ಮರಿಗೆ ಹೆಚ್ಚು ಕಬ್ಬಿಣ ಬೇಕು. ಅರವತ್ತಕ್ಕೆಂದು ಲೆಕ್ಕ ಹಾಕಿ ಕಬ್ಬಿಣ ತುಂಬಿದ ಟ್ರಾನ್ಸ್‌ಫಾರ್ಮರನ್ನು ಐವತ್ತರಲ್ಲಿ ಅದೇ ವೋಲ್ಟಿಗೆ ನಡೆಸಿದರೆ ತಿರುಳಿನ ಮೇಲೆ ಐದನೆಯ ಒಂದು ಪಾಲು ಹೆಚ್ಚು ಭಾರ ಬೀಳುತ್ತದೆ. ಅದು ಸ್ವಲ್ಪ ಹೆಚ್ಚು ಬಿಸಿಯಾಗಿ ಮೆಲ್ಲನೆ ಗುಂಯ್‌ಗುಟ್ಟುತ್ತದೆ. ಇಳಿಸುವ ಟ್ರಾನ್ಸ್‌ಫಾರ್ಮರು ಸೈಕಲ್ಲನ್ನು ಬದಲಾಯಿಸಲಾರದು. ಆದಕಾರಣ 120ಕ್ಕೆ ಬದಲು 110 ವೋಲ್ಟು ಕೊಡುವುದು ಲೇಸು, ಸ್ವಲ್ಪ ಹೊತ್ತು ನುಡಿಸಿದ ಮೇಲೆ ಯಂತ್ರಕ್ಕೆ ವಿಶ್ರಾಂತಿ ಕೊಡುವುದೂ ಲೇಸು.

ಎರಡು ಬಗೆಯ ವ್ಯಾಟು

ವ್ಯಾಟಿನ ವಿಷಯದಲ್ಲಿ ಜನರಿಗೆ ಆಗುವಷ್ಟು ಗೊಂದಲ ಇನ್ನಾವುದರಲ್ಲಿಯೂ ಆಗುವುದಿಲ್ಲ. ಫಲಕದ ಮೇಲಿನ ವ್ಯಾಟು ಯಂತ್ರವು ಗೋಡೆಯಿಂದ ತೆಗೆದುಕೊಳ್ಳುವುದು. ಮಾರುವವರು ಹೇಳುವ ವ್ಯಾಟು ಅದು ಸ್ಪೀಕರಿಗೆ ಕೊಡುವುದು. ಎರಡಕ್ಕೂ ಅಜಗಜಾಂತರ.

ನಮ್ಮ ಪುಟ್ಟ ಆಂಪ್ಲಿಫೈಯರಿನ ಲೆಕ್ಕ ನೋಡಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. 6ವಿ6ನ ಬಿಸಿತಂತಿ 6.3 ವೋಲ್ಟಿನಲ್ಲಿ 0.45 ಆಂಪಿಯರು ಎಳೆಯುತ್ತದೆ, ಅಂದರೆ 2.8 ವ್ಯಾಟು. 12ಎಎಕ್ಸ್7 ಅದೇ ವೋಲ್ಟಿನಲ್ಲಿ 0.3 ಆಂಪಿಯರು, ಅಂದರೆ 1.9 ವ್ಯಾಟು. 5ವೈ3ರದು 5 ವೋಲ್ಟು, 2 ಆಂಪಿಯರು: ಹತ್ತು ವ್ಯಾಟು. ಒಂದು ಸ್ವರವೂ ಹೊರಡುವ ಮೊದಲೇ ಸುಮಾರು ಹದಿನೈದು ವ್ಯಾಟು ಬಿಸಿಮಾಡುವುದಕ್ಕೇ ವೆಚ್ಚವಾಯಿತು. ಇನ್ನು 6ವಿ6 ವಾಲ್ವಿನ ವಿವರಪತ್ರದ ಪ್ರಕಾರ ಅದು 250 ವೋಲ್ಟಿನಲ್ಲಿ 45 ಮಿಲಿಆಂಪಿಯರು ಹರಿಸಿ, ಎಂದರೆ ಹನ್ನೊಂದು ವ್ಯಾಟಿನ ಮೇಲೆ ತಿಂದು, ಹೊರಗೆ ಕೊಡುವುದು ನಾಲ್ಕೂವರೆ ವ್ಯಾಟು. ಮಿಕ್ಕದ್ದು ಶಾಖ. ವಾಲ್ವು ಯಂತ್ರ ಬಿಸಿಯಾಗಿರುವುದು ರೋಗವಲ್ಲ, ಅದರ ಸ್ವಭಾವ. ಅದರ ಬೆನ್ನನ್ನು ಗೋಡೆಗೆ ಒತ್ತಿ ಇಡದೆ ಗಾಳಿಯಾಡಲು ಎಡೆ ಬಿಟ್ಟರೆ ಸಾಕು.

ನಾಲ್ಕೈದು ವ್ಯಾಟೆಂದು ಹಗುರವಾಗಿ ಕಾಣಬೇಡಿ. ನಮ್ಮ ಕಿವಿಯ ಲೆಕ್ಕ ಬೇರೆ. ವ್ಯಾಟು ಎರಡರಷ್ಟಾದರೆ ಕಿವಿಗೆ ತಿಳಿಯುವುದು ಅಲ್ಪ ವ್ಯತ್ಯಾಸ. ಸದ್ದು ಎರಡರಷ್ಟು ದೊಡ್ಡದಾಯಿತು ಎನ್ನಿಸಬೇಕಾದರೆ ವ್ಯಾಟು ಸುಮಾರು ಹತ್ತರಷ್ಟಾಗಬೇಕು. ಮನೆಯ ನಡುಮನೆಗೆ ಐದು ವ್ಯಾಟು ಧಾರಾಳವಾಯಿತು.

ಆಂಪಿಯರು, ಫ್ಯೂಸು, ಓಮು

ಫಲಕದಲ್ಲಿ ವ್ಯಾಟು ಮಾತ್ರ ಇದ್ದರೆ ಅದನ್ನು ವೋಲ್ಟಿನಿಂದ ಭಾಗಿಸಿ ಆಂಪಿಯರನ್ನು ಪಡೆಯಬಹುದು. 50 ವ್ಯಾಟಿನ ಯಂತ್ರ 117 ವೋಲ್ಟಿನಲ್ಲಿ 0.43 ಆಂಪಿಯರು ತೆಗೆದುಕೊಳ್ಳುತ್ತದೆ, 230 ವೋಲ್ಟಿನ ಕಡೆಯಲ್ಲಿ 0.22. ಆದ್ದರಿಂದ ಯಂತ್ರದೊಳಗಿನ ಫ್ಯೂಸು ಫಲಕದಲ್ಲಿ ಹೇಳಿದಷ್ಟೇ ಇರಬೇಕು. ಗೋಡೆಯ ಕಡೆ ಬೇರೆ ಫ್ಯೂಸು ಹಾಕುವುದಾದರೆ ಅದರ ಬೆಲೆ ಅರ್ಧದಷ್ಟಿರಬೇಕು. ಹೋದ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಗಾಜು ತಿಳಿಯಾಗಿದ್ದು ಒಳತಂತಿ ಮಾತ್ರ ಕಡಿದಿದ್ದರೆ ಹಳತಾಗಿ ಹೋಗಿರಬಹುದು. ಗಾಜಿಗೆ ಕಪ್ಪು ಹಿಡಿದು ಕನ್ನಡಿಯಂತಾಗಿದ್ದರೆ ಒಳಗೆ ಭಾರಿ ಷಾರ್ಟು ಆಗಿದೆ ಎಂದು ತಿಳಿಯಿರಿ. ಆಗ ಇನ್ನೊಂದು ಫ್ಯೂಸು ಹಾಕಿ ಪರೀಕ್ಷೆ ಮಾಡುವುದು ವ್ಯರ್ಥ.

ಓಮೆಂಬುದು ಸ್ಪೀಕರಿನ ಬೆನ್ನಲ್ಲಿರುವ ಅಂಕಿ. ಅದು 4 ಎಂದಿದ್ದರೆ 4 ಓಮಿನದನ್ನೇ ಹಾಕಬೇಕು. 6ವಿ6 ವಾಲ್ವು ತನ್ನ ಮುಂದೆ 5000 ಓಮು ಕಾಣಬಯಸುತ್ತದೆ, ಸ್ಪೀಕರಿನಲ್ಲಿರುವುದೋ ನಾಲ್ಕೇ. ಈ ಇಬ್ಬರ ನಡುವೆ ಸಂಧಾನ ಮಾಡುವುದು ಸುಮಾರು 35ಕ್ಕೆ 1ರಂತೆ ಸುತ್ತಿದ ಇನ್ನೊಂದು ಟ್ರಾನ್ಸ್‌ಫಾರ್ಮರು. ಸ್ಪೀಕರಿನ ತಂತಿ ಕಳಚಿದ್ದಾಗ ವಾಲ್ವು ಆಂಪ್ಲಿಫೈಯರನ್ನು ನುಡಿಸಲೇ ಕೂಡದು. ಹೊರೆಯಿಲ್ಲದ ಆ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟು ಎದ್ದು ಸುತ್ತುಗಳ ನಡುವೆ ಕಿಡಿ ಹಾರುತ್ತದೆ. ಟ್ರಾನ್ಸಿಸ್ಟರು ಯಂತ್ರದ ಸ್ವಭಾವ ಇದಕ್ಕೆ ತಿರುಗುಮುರುಗು. ಅದಕ್ಕೆ ಸ್ಪೀಕರು ಇಲ್ಲದಿದ್ದರೆ ಚಿಂತೆಯಿಲ್ಲ, ಆದರೆ ಸ್ಪೀಕರಿನ ಎರಡು ತಂತಿಗಳು ಒಂದಕ್ಕೊಂದು ತಗಲಬಾರದು.

ಪ್ರಾಣದ ಪ್ರಶ್ನೆ

ಗಿಟಾರ್ ಆಂಪ್ಲಿಫೈಯರಿಗೂ ರೇಡಿಯೋಕ್ಕೂ ಒಂದು ದೊಡ್ಡ ಅಂತರವಿದೆ. ರೇಡಿಯೋವನ್ನು ನಾವು ಮರದ ಪೆಟ್ಟಿಗೆಯ ಹೊರಗಿನಿಂದ ಮುಟ್ಟುತ್ತೇವೆ. ಗಿಟಾರಿನ ಉಕ್ಕಿನ ತಂತಿಗಳಾದರೋ ಕೇಬಲ್ಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿನ ಲೋಹದ ತಟ್ಟೆಗೆ, ಎಂದರೆ ಛಾಸಿಗೆ, ನೇರವಾಗಿ ಸೇರಿರುತ್ತವೆ. ಛಾಸಿಗೆ ವಿದ್ಯುತ್ತು ಸೋರಿದರೆ ಅದು ನುಡಿಸುವವರ ಬೆರಳಿಗೇ ಬರುತ್ತದೆ. ಅದೇ ವೇಳೆಗೆ ಅವರು ಮೈಕನ್ನೋ ನೀರಿನ ನಲ್ಲಿಯನ್ನೋ ಮುಟ್ಟಿದರೆ ದಾರಿ ಪೂರ್ಣವಾಯಿತು. ಸ್ಟೋನ್ ದಿ ಕ್ರೋಸ್ ಎಂಬ ಸ್ಕಾಟ್ಲೆಂಡಿನ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರ ಮೇ ತಿಂಗಳಿನಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ರಂಗದ ಮೇಲೆಯೇ ತೀರಿಕೊಂಡದ್ದು ಹೀಗೆ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ.

1950ರ ಮತ್ತು 60ರ ದಶಕದ ಅನೇಕ ಅಮೆರಿಕದ ಆಂಪ್ಲಿಫೈಯರುಗಳಿಗೆ ಎರಡೇ ಕಡ್ಡಿಯ ಪ್ಲಗ್ಗು. ಅರ್ಥಿಂಗ್ ತಂತಿಯೇ ಇಲ್ಲ. ಗುಂಯ್‌ಗುಟ್ಟುವುದು ಕಡಮೆಯಾಗಲೆಂದು ಗೋಡೆಯ ಒಂದು ತಂತಿಯಿಂದ ಛಾಸಿಗೆ ಒಂದು ಕಂಡೆನ್ಸರನ್ನು ಸೇರಿಸಿರುವುದೂ ಉಂಟು. ಅದು ಕೆಟ್ಟು ಷಾರ್ಟಾದರೆ ಛಾಸಿಗೆ ನೇರವಾಗಿ ವಿದ್ಯುತ್ತು. ಅಮೆರಿಕದ ದುರಸ್ತಿಗಾರರು ಅದಕ್ಕೆ ಮೃತ್ಯು ಕಂಡೆನ್ಸರು ಎಂದೇ ಹೆಸರಿಟ್ಟಿದ್ದಾರೆ. ಅದನ್ನು ತೆಗೆಸಿ ಮೂರು ತಂತಿಯ ಕಾರ್ಡು ಹಾಕಿಸಿ, ಮೂರನೆಯದನ್ನು ಛಾಸಿಗೆ ಭದ್ರವಾಗಿ ಬಿಗಿಸುವುದು ಮೊದಲ ದುರಸ್ತಿ. ಯಂತ್ರ ಚೆನ್ನಾಗಿ ನುಡಿಯುತ್ತಿದ್ದರೂ ಇದನ್ನು ಮಾಡಿಸತಕ್ಕದ್ದೇ. ಬಹಳಷ್ಟು ಇಳಿಸುವ ಟ್ರಾನ್ಸ್‌ಫಾರ್ಮರುಗಳು ಗೋಡೆಯ ವಿದ್ಯುತ್ತಿನಿಂದ ನಮ್ಮನ್ನು ಬೇರ್ಪಡಿಸುವುದಿಲ್ಲ, ಒಂದೇ ಸುತ್ತಿನ ನಡುವಿನಿಂದ 110ನ್ನು ತೆಗೆದು ಕೊಡುತ್ತವೆ, ಅಷ್ಟೆ. ಆದ್ದರಿಂದ ಟ್ರಾನ್ಸ್‌ಫಾರ್ಮರು ಇದೆಯೆಂದು ಅರ್ಥಿಂಗನ್ನು ಬಿಡಕೂಡದು. ಗೋಡೆಯ ಅರ್ಥಿಂಗು ಟ್ರಾನ್ಸ್‌ಫಾರ್ಮರನ್ನು ದಾಟಿ ಛಾಸಿಯವರೆಗೂ ಕಡಿಯದೆ ಬರಬೇಕು.

ತಂತಿಯ ಬಣ್ಣಗಳಲ್ಲಿಯೂ ಮೋಸ ಹೋಗಬಹುದು. ನಮ್ಮ ಹಳೆಯ ಪದ್ಧತಿಯಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗು. ಅಮೆರಿಕದಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್. ಕಪ್ಪೆಂದರೆ ನಿರಪಾಯ ಎಂದುಕೊಂಡು ಜೋಡಿಸಿದರೆ ತಲೆಕೆಳಗಾಗುತ್ತದೆ.

ಇನ್ನು "ಯು" ಅಕ್ಷರದ ಮಾತು. ಟ್ರಾನ್ಸ್‌ಫಾರ್ಮರೇ ಇಲ್ಲದೆ, ಬಿಸಿತಂತಿಗಳನ್ನು ಸರಪಳಿಯಂತೆ ಒಂದರ ಹಿಂದೆ ಒಂದು ಪೋಣಿಸಿ ನೇರವಾಗಿ ಗೋಡೆಗೆ ಸೇರಿಸುವ ಅಗ್ಗದ ಯಂತ್ರಗಳಿದ್ದವು. ಎ.ಸಿ.ಗೂ ಡಿ.ಸಿ.ಗೂ ಆಗುವ ರೇಡಿಯೋಗಳು ಈ ಜಾತಿಯವು. "ಯು" ಎಂದು ಮೊದಲಾಗುವ ವಾಲ್ವುಗಳು 100 ಮಿಲಿಆಂಪಿಯರಿನ ಇಂಥ ಸರಪಳಿಗಾಗಿಯೇ ಮಾಡಿದವು. ಅಮೆರಿಕದಲ್ಲಿ 35ಡಬ್ಲ್ಯು4, 50ಸಿ5 ಎಂಬ ವಾಲ್ವುಗಳುಳ್ಳ ಸಣ್ಣ ಗಿಟಾರ್ ಆಂಪ್ಲಿಫೈಯರುಗಳೂ ಬಂದಿದ್ದವು. ಇವುಗಳ ಛಾಸಿಯೇ ಗೋಡೆಯ ಒಂದು ತಂತಿ ಇದ್ದಂತೆ. ಫಲಕದಲ್ಲಿ ಎ.ಸಿ./ಡಿ.ಸಿ. ಎಂದು ಕಂಡರೆ, ಅಥವಾ ಈ ವಾಲ್ವುಗಳು ಕಂಡರೆ, ಅದನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರು ಇಲ್ಲದೆ ಬಳಸಬೇಡಿ. ಅಂಥ ರೇಡಿಯೋದ ಗುಂಡಿ ಕಳಚಿಬಿದ್ದು ಲೋಹದ ಕಡ್ಡಿ ಹೊರಗೆ ಕಾಣುತ್ತಿದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಬಹುಕಾಲ ಮಲಗಿದ್ದ ಯಂತ್ರವನ್ನು ಎಬ್ಬಿಸುವುದು

ಹತ್ತಿಪ್ಪತ್ತು ವರ್ಷ ಮೂಲೆಯಲ್ಲಿದ್ದ ಯಂತ್ರಕ್ಕೆ ಒಮ್ಮೆಲೇ ಪೂರ್ಣ ವೋಲ್ಟು ಕೊಡಬಾರದು. ವಿದ್ಯುತ್ತನ್ನು ನುಣುಪು ಮಾಡುವ ದೊಡ್ಡ ಕಂಡೆನ್ಸರುಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಅತಿ ತೆಳುವಾದ ಒಂದು ಪೊರೆಯಿದೆ. ಬಳಕೆಯಿಲ್ಲದೆ ಬಿದ್ದಿದ್ದರೆ ಅದು ಕ್ಷೀಣಿಸುತ್ತದೆ, ಒಳಗಿನ ತೇವವೂ ಆರುತ್ತದೆ. ಅದಕ್ಕೆ ನಮ್ಮ ರೇಡಿಯೋ ದುರಸ್ತಿಯವರು ಬಲ್ಲ ಹಳೆಯ ಉಪಾಯವೇ ಸೀರೀಸ್ ಲ್ಯಾಂಪು. ಯಂತ್ರಕ್ಕೆ ಹೋಗುವ ಫೇಸು ತಂತಿಯ ನಡುವೆ 60 ವ್ಯಾಟಿನ ಬಲ್ಬೊಂದನ್ನು ಸೇರಿಸುತ್ತಾರೆ. ಇದಕ್ಕೆ ತಂತಿಯುಳ್ಳ ಹಳೆಯ ಬಗೆಯ ಬಲ್ಬೇ ಬೇಕು, ಎಲ್.ಇ.ಡಿ. ಆಗದು. ಬಲ್ಬು ಒಮ್ಮೆ ಬೆಳಗಿ ಮಂಕಾಗಿ, ವಾಲ್ವು ಕಾದಂತೆ ಮತ್ತೆ ಅಷ್ಟಿಷ್ಟು ಬೆಳಗಿದರೆ ಶುಭ. ಹಾಕಿದೊಡನೆ ಪೂರ್ತಿ ಬೆಳಗಿ ಹಾಗೆಯೇ ನಿಂತರೆ ಒಳಗೆ ಷಾರ್ಟಿದೆ. ಬಲ್ಬು ಆ ವಿದ್ಯುತ್ತನ್ನು ತನ್ನ ಮೇಲೆ ಹಾಕಿಕೊಂಡು ಟ್ರಾನ್ಸ್‌ಫಾರ್ಮರನ್ನು ಉಳಿಸಿತು. ಇದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಪ್ಲಗ್ಗು ಕಿತ್ತ ಮೇಲೂ ಆ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟು ಬಹಳ ಹೊತ್ತು ನಿಂತಿರಬಹುದು. ಛಾಸಿಯನ್ನು ಹೊರಗೆಳೆಯುವುದು ಮನೆಯವರ ಕೆಲಸವಲ್ಲ.

ಕಿವಿಯಿಂದ ರೋಗ ಹಿಡಿಯುವುದು

ಪೆಟ್ಟಿಗೆಯನ್ನು ತೆರೆಯದೆ ಮನೆಯವರು ಮಾಡಬಹುದಾದದ್ದು ಬಹಳವಿದೆ. ಸದ್ದೇ ಇಲ್ಲವೆಂದರೆ ಮೊದಲು ಸಂಶಯಿಸಬೇಕಾದದ್ದು ಕೇಬಲ್ಲನ್ನು. ತುಳಿಸಿಕೊಂಡು ತಿರುಚಿಸಿಕೊಂಡು ಬಾಳುವುದು ಅದೊಂದೇ. ಬೇರೊಂದನ್ನು ಹಾಕಿ ನೋಡಿ. ಆಮೇಲೆ ವಾಲ್ವುಗಳು ಮೂರೂ ಕೆಂಪಗೆ ಬೆಳಗುತ್ತಿವೆಯೇ ನೋಡಿ. ಗುಂಡಿ ತಿರುಗಿಸುವಾಗ ಮಾತ್ರ ಕರಕರ ಎಂದರೆ ಆ ಕಂಟ್ರೋಲಿನೊಳಗೆ ಧೂಳು ಸೇರಿದೆ, ದೊಡ್ಡ ದೋಷವಲ್ಲ. ಮುಟ್ಟದಿದ್ದಾಗಲೂ ಪಟಪಟ ಎನ್ನುತ್ತಿದ್ದರೆ ವಾಲ್ವಿನ ಕಾಲುಗಳು ಸಡಿಲವಾಗಿರಬಹುದು, ಒಳಗಿನ ರೆಸಿಸ್ಟೆನ್ಸು ಹಳತಾಗಿರಬಹುದು. ಒಣಗಿದ ಮರದ ಪೆನ್ಸಿಲಿನಿಂದ ವಾಲ್ವನ್ನು ಮೃದುವಾಗಿ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಕೇಳಿಸಿದರೆ ಆ ವಾಲ್ವನ್ನು ಬದಲಾಯಿಸಬೇಕು.

ಗುಂಯ್‌ಗುಟ್ಟುವುದರಲ್ಲಿ ಎರಡು ಜಾತಿ. ನಮ್ಮ ವಿದ್ಯುತ್ತು 50 ಸೈಕಲ್ಲಿನದಾದ್ದರಿಂದ ಹೊರಗಿನಿಂದ ನುಸುಳಿದ ಗುಂಯ್‌ಕಾರ ಐವತ್ತರದಾಗಿರುತ್ತದೆ. 5ವೈ3 ವಾಲ್ವು ಏರಿಳಿತದ ಎರಡು ಅರ್ಧಗಳನ್ನೂ ಒಂದೇ ದಿಕ್ಕಿಗೆ ಮಡಿಸುವುದರಿಂದ ಅದರಿಂದಾಚೆಗೆ ಹುಟ್ಟುವುದು ನೂರರ ಗುಂಯ್‌ಕಾರ. ಇವನ್ನು ಗುರುತಿಸಲು ಕೈಯಲ್ಲಿ ಗಿಟಾರೇ ಇದೆಯಲ್ಲ! ಅತಿ ದಪ್ಪವಾದ ಆರನೆಯ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿ ಮೀಟಿ. ಆ ಸ್ವರ ಸೆಕೆಂಡಿಗೆ 98 ಕಂಪನ. ಗುಂಯ್‌ಕಾರ ಅದರ ಜೊತೆಗೆ ಹೆಚ್ಚುಕಡಮೆ ಕೂಡಿಕೊಂಡರೆ ನೂರರದು. ನುಣುಪು ಮಾಡುವ ಕಂಡೆನ್ಸರುಗಳು ಬಡವಾಗಿವೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಐವತ್ತರದು. ಆಗ ಕೇಬಲ್ಲಿನ ಹೊರಕವಚ, ಅರ್ಥಿಂಗು, ಗಿಟಾರಿನ ಪಿಕಪ್ಪು ಇವುಗಳನ್ನು ನೋಡಬೇಕು. ಗಿಟಾರನ್ನು ಹಿಡಿದು ಬೇರೆ ದಿಕ್ಕಿಗೆ ತಿರುಗಿದಾಗ ಅದು ಹೆಚ್ಚುಕಡಮೆಯಾದರೆ ಪಿಕಪ್ಪೇ ಅದನ್ನು ಗಾಳಿಯಿಂದ ಹಿಡಿಯುತ್ತಿದೆ. ಇನ್ನೊಂದು ಪರೀಕ್ಷೆ: ಗುಂಡಿಯನ್ನು ಪೂರ್ತಿ ಇಳಿಸಿ. ಗುಂಯ್‌ಕಾರವೂ ಇಳಿದರೆ ದೋಷ ಗುಂಡಿಗಿಂತ ಮುಂಚೆ ಇದೆ. ಇಳಿಯದಿದ್ದರೆ ಆಚೆಗೆ ಇದೆ.

ಕಣ್ಣಿಗೆ ಕಾಣುವ ಲಕ್ಷಣ ಒಂದಿದೆ. 6ವಿ6ನ ಒಳಗಿನ ಬೂದು ತಗಡು ನಿಗಿನಿಗಿ ಕೆಂಪಾಗುತ್ತಿದ್ದರೆ ಆ ಕ್ಷಣವೇ ಆರಿಸಿ. ಹಿಂದಿನ ಕಂಡೆನ್ಸರೊಂದು ಸೋರಿ ವಾಲ್ವನ್ನು ಮಿತಿಮೀರಿ ದುಡಿಸುತ್ತಿದೆ. ಗಾಜಿನ ಒಳಮೈಯಲ್ಲಿ ತೆಳು ನೀಲಿ ಹೊಳಪು ಕಂಡರೆ ಸಾಮಾನ್ಯವಾಗಿ ಭಯವಿಲ್ಲ.

ಹೀಗೆ ಕಂಡದ್ದನ್ನೂ ಕೇಳಿದ್ದನ್ನೂ ಒಂದು ಚೀಟಿಯಲ್ಲಿ ಬರೆದು ದುರಸ್ತಿಯವರಿಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ. ನಿಮ್ಮ ಹಣವೂ ಉಳಿದಂತೆ. ಯಂತ್ರ ಮನೆಗೆ ಮರಳಿದ ಮೇಲೆ ಇನ್ನೊಂದು ಚೀಟಿ ಬರೆಯಿರಿ. ಹಳೆಯ ಫಲಕದ ಅಕ್ಷರ ಮಾಸಿರುತ್ತದೆ, ಪರಭಾಷೆಯಲ್ಲಿರುತ್ತದೆ, ಬೆನ್ನ ಹಿಂದೆ ಇರುತ್ತದೆ. ನಿಮ್ಮ ಚೀಟಿಯನ್ನು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು ಪ್ಲಗ್ಗಿನ ತಲೆಯ ಹತ್ತಿರವೇ ಕಾರ್ಡಿಗೆ ಕಟ್ಟಿ: "110 ವೋಲ್ಟು ಮಾತ್ರ. ಗೋಡೆಗೆ ನೇರವಾಗಿ ಹಾಕಕೂಡದು." ನೀವು ಮನೆಯಲ್ಲಿಲ್ಲದ ದಿನ ಅದನ್ನು ಹಚ್ಚಲು ಬರುವವರಿಗೆ ಅದೊಂದೇ ಫಲಕ ಕಣ್ಣಿಗೆ ಬೀಳುವುದು.